ಬಲ್ಲೆ ಎನ್ನಲು ಒಂದು ಸ್ವರ, ನಂಬಿದ್ದೇನೆ ಎನ್ನಲು ಇನ್ನೊಂದು

ಮೊದಲು ಈ ಎರಡು ಕನ್ನಡ ವಾಕ್ಯಗಳನ್ನು ಓದಿ.

ಭೂಮಿ ಚಲಿಸುತ್ತದೆ ಎಂದು ನಾನು ಬಲ್ಲೆ.
ಭೂಮಿ ಚಲಿಸುತ್ತದೆ ಎಂದು ನಾನು ನಂಬಿದ್ದೇನೆ.

ಬಲ್ಲುದಕ್ಕೂ ನಂಬುವುದಕ್ಕೂ ಅಜಗಜಾಂತರವಿದೆ. ಆದರೂ ಎರಡು ವಾಕ್ಯಗಳಲ್ಲೂ 'ಚಲಿಸುತ್ತದೆ' ಎಂಬ ಕ್ರಿಯಾಪದ ಮಾತ್ರ ಇದ್ದಂತೆಯೇ ಇದೆ. ಇವನ್ನೇ ಇಟಾಲಿಯನ್ ಭಾಷೆಯಲ್ಲಿ ಹೇಳಿ ನೋಡೋಣ.

ಸೊ ಕೆ ಲ ತೆರ್ರ ಸಿ ಮುವೋವೆ.
ಕ್ರೇದೊ ಕೆ ಲ ತೆರ್ರ ಸಿ ಮುವೋವ.

'ಸೊ' ಎಂದರೆ ಬಲ್ಲೆ, 'ಕ್ರೇದೊ' ಎಂದರೆ ನಂಬುತ್ತೇನೆ, 'ಕೆ' ಎಂದರೆ ನಮ್ಮ 'ಎಂದು'. 'ಲ ತೆರ್ರ' ಭೂಮಿ. ಕೊನೆಯ ಪದವನ್ನು ಗಮನಿಸಿದಿರಾ? ಬಲ್ಲೆ ಎಂದಾಗ 'ಮುವೋವೆ', ನಂಬುತ್ತೇನೆ ಎಂದಾಗ 'ಮುವೋವ'. ಚಲಿಸುವ ಭೂಮಿಯೇನೋ ಒಂದೇ. ಬದಲಾದದ್ದು ಅದರ ಬಗ್ಗೆ ಹೇಳುವವನ ಮನಸ್ಸಿನ ಸ್ಥಿತಿ. ಆ ಬದಲಾವಣೆಯನ್ನು ಇಟಲಿಯವರು ಕ್ರಿಯಾಪದದ ಕೊನೆಯ ಒಂದು ಸ್ವರದಲ್ಲಿ ದಾಖಲಿಸುತ್ತಾರೆ.

ವಿಜ್ಞಾನದ ಮೇಷ್ಟ್ರಿಗೆ ಇಟಾಲಿಯನ್ ವ್ಯಾಕರಣದ ಉಸಾಬರಿ ಏಕೆ ಎಂದು ಕೆಲವು ತಂದೆತಾಯಿಯರು ಕೇಳಬಹುದು. ಮೊದಲ ಕಾರಣ ವ್ಯಾವಹಾರಿಕ. ಮಿಲಾನ್, ಟ್ಯೂರಿನ್, ಬೊಲೊನ್ಯ, ಪಾದುವಾ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷಿನಲ್ಲೇ ಪಾಠ ನಡೆಯುವ ಸ್ನಾತಕೋತ್ತರ ತರಗತಿಗಳಿವೆ. ನಮ್ಮ ಮಕ್ಕಳೂ ಅಲ್ಲಿಗೆ ಹೋಗುತ್ತಾರೆ. ಪಾಠ ಇಂಗ್ಲಿಷಿನಲ್ಲಾದರೂ ಬಾಡಿಗೆ ಮನೆಯವರ ಜೊತೆ, ತರಕಾರಿ ಅಂಗಡಿಯಲ್ಲಿ, ಸರ್ಕಾರಿ ಕಚೇರಿಯಲ್ಲಿ ಇಟಾಲಿಯನ್ ಬೇಕೇ ಬೇಕು. 'ನನಗೆ ಹೀಗನಿಸುತ್ತದೆ' ಎಂದು ಹೇಳಲು ಬಾರದವನ ಮಾತು ಎಷ್ಟು ದೂರ ಹೋದೀತು? ಎರಡನೆಯ ಕಾರಣ ವಿಜ್ಞಾನಕ್ಕೇ ಸಂಬಂಧಿಸಿದ್ದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಎರಡು ಗುಂಪಿನ ಕ್ರಿಯಾಪದಗಳು

ಹೈಸ್ಕೂಲಿನಲ್ಲಿ ನಾವು ಮಿಶ್ರವಾಕ್ಯ ಓದಿದ್ದೇವೆ. ಒಂದು ಪ್ರಧಾನ ವಾಕ್ಯ, ಅದಕ್ಕೆ ಅಧೀನವಾದ ಉಪವಾಕ್ಯ. ಕನ್ನಡದಲ್ಲಿ ಉಪವಾಕ್ಯ ಮೊದಲು ಬರುತ್ತದೆ, 'ಎಂದು' ಕೊಂಡಿಯಾಗುತ್ತದೆ, 'ನಂಬುತ್ತೇನೆ' ಕೊನೆಗೆ ಬರುತ್ತದೆ. ಇಟಾಲಿಯನ್ನಿನಲ್ಲಿ ಇದು ತಿರುಗಾಮುರುಗಾ. 'ನಂಬುತ್ತೇನೆ' ಮೊದಲು, ಆಮೇಲೆ 'ಕೆ' ಎಂಬ ಕೊಂಡಿ, ಕೊನೆಗೆ ಉಪವಾಕ್ಯ. ಹೀಗಾಗಿ ಇಟಲಿಯವನು ಬಾಯಿ ತೆರೆದ ಕೂಡಲೇ ಮುಂದಿನ ಮಾತು ತಿಳಿವಳಿಕೆಯೋ ನಂಬಿಕೆಯೋ ಎಂಬುದು ಗೊತ್ತಾಗಿಬಿಡುತ್ತದೆ.

ಪ್ರಧಾನ ವಾಕ್ಯದಲ್ಲಿ ಬರುವ ಕ್ರಿಯಾಪದಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಮೊದಲನೆಯದು ತಿಳಿವಳಿಕೆಯ ಗುಂಪು: 'ಸೊ' (ಬಲ್ಲೆ), 'ವೇದೊ' (ಕಾಣುತ್ತೇನೆ), 'ದೀಕೊ' (ಹೇಳುತ್ತೇನೆ), 'ಎ ವೇರೊ' (ಇದು ನಿಜ), 'ಎ ಚೆರ್ತೊ' (ಇದು ಖಚಿತ). ಇವುಗಳ ನಂತರ ಸಾಮಾನ್ಯ ಕ್ರಿಯಾರೂಪವೇ ಸಾಕು. ಅದರ ಹೆಸರು ಇಂದಿಕಾತೀವೊ, ಇದ್ದದ್ದನ್ನು ಇದ್ದಂತೆ ತೋರಿಸುವ ರೂಪ.

ಎರಡನೆಯದು ಭಾವನೆ, ನಂಬಿಕೆ, ಸಂಶಯಗಳ ಗುಂಪು: 'ಕ್ರೇದೊ' (ನಂಬುತ್ತೇನೆ), 'ಪೆನ್ಸೊ' (ಯೋಚಿಸುತ್ತೇನೆ, ನನಗನಿಸುತ್ತದೆ), 'ಮಿ ಸೆಂಬ್ರ' (ನನಗೆ ತೋರುತ್ತದೆ), 'ಸ್ಪೇರೊ' (ಆಶಿಸುತ್ತೇನೆ), 'ದೂಬಿತೊ' (ಸಂಶಯಪಡುತ್ತೇನೆ), 'ಎ ಪೊಸ್ಸೀಬಿಲೆ' (ಸಾಧ್ಯವಿದೆ). ಇವುಗಳ ನಂತರ ಬರಬೇಕಾದದ್ದು ಕೊಂಜುಂತೀವೊ. ಲ್ಯಾಟಿನ್ನಿನ 'ಜೋಡಿಸು' ಎಂಬ ಧಾತುವಿನಿಂದ ಬಂದ ಹೆಸರಿದು. ಇನ್ನೊಂದು ವಾಕ್ಯಕ್ಕೆ ಜೋಡಿಸಿಕೊಂಡು ಬಾಳುವ ರೂಪವಾದ್ದರಿಂದ ಹೆಸರು ಅನ್ವರ್ಥವೇ ಆಗಿದೆ.

ರೂಪ ಮಾಡುವ ಬಗೆ ಹೆದರಿಸುವಂಥದ್ದಲ್ಲ. ಇಟಾಲಿಯನ್ ಧಾತುಗಳು ಮೂರು ಬಗೆ: 'ಆರೆ', 'ಎರೆ', 'ಈರೆ' ಎಂದು ಕೊನೆಯಾಗುವಂಥವು. ಮೊದಲ ಬಗೆಯಲ್ಲಿ 'ಅ' ಇದ್ದಲ್ಲಿ 'ಇ' ಬರುತ್ತದೆ: 'ಪಾರ್ಲ' (ಮಾತಾಡುತ್ತಾನೆ) ಹೋಗಿ 'ಪಾರ್ಲಿ'. ಉಳಿದೆರಡು ಬಗೆಯಲ್ಲಿ 'ಎ' ಇದ್ದಲ್ಲಿ 'ಅ' ಬರುತ್ತದೆ: 'ಮುವೋವೆ' ಹೋಗಿ 'ಮುವೋವ', 'ಪಾರ್ತೆ' (ಹೊರಡುತ್ತಾನೆ) ಹೋಗಿ 'ಪಾರ್ತ'. ಸ್ವರಗಳು ಜಾಗ ಅದಲುಬದಲು ಮಾಡಿಕೊಳ್ಳುತ್ತವೆ ಎಂದು ನೆನಪಿಟ್ಟರೆ ಅರ್ಧ ಪಾಠ ಮುಗಿದಂತೆ. ಹಟಮಾರಿಗಳು ಕೆಲವಿವೆ, ಅವನ್ನು ಬಾಯಿಪಾಠ ಮಾಡಬೇಕು. 'ಎ' (ಇದೆ, ಆಗಿದೆ) ಎಂಬುದು 'ಸೀಯ' ಆಗುತ್ತದೆ. 'ಆ' (ಹೊಂದಿದ್ದಾನೆ) ಎಂಬುದು 'ಅಬ್ಬಿಯ' ಆಗುತ್ತದೆ. ಏಕವಚನದಲ್ಲಿ ನಾನು, ನೀನು, ಅವನು ಮೂರಕ್ಕೂ ಒಂದೇ ರೂಪ. ಆದ್ದರಿಂದ ಗೊಂದಲವಾಗುವ ಕಡೆ 'ಯಾರು' ಎಂಬುದನ್ನು ಬಿಡಿಸಿ ಹೇಳುತ್ತಾರೆ.

ನಮ್ಮಲ್ಲಿ ಇಲ್ಲವೇ?

ಕನ್ನಡದಲ್ಲಿ ಇಂಥ ಸೂಕ್ಷ್ಮವಿಲ್ಲ ಎಂದು ಯಾರೂ ಕೊರಗಬೇಕಿಲ್ಲ. 'ಬಂದಾನು', 'ಬಿದ್ದೀತು', 'ಆದೀತು' ಎಂಬ ಸಂಭಾವನಾರ್ಥಕ ರೂಪಗಳು ನಮ್ಮ ವ್ಯಾಕರಣದಲ್ಲೇ ಇವೆ. 'ಮಳೆ ಬಂದೀತು, ಕೊಡೆ ತೆಗೆದುಕೊಂಡು ಹೋಗು' ಎನ್ನುವ ಅಜ್ಜಿ ಹವಾಮಾನ ವರದಿ ಕೊಡುತ್ತಿಲ್ಲ, ಸಾಧ್ಯತೆಯನ್ನು ಹೇಳುತ್ತಿದ್ದಾಳೆ. ಇನ್ನು 'ಅಂತೆ'! 'ಅವನು ಶ್ರೀಮಂತ' ಎಂದರೆ ಮಾತಿನ ಹೊಣೆ ನನ್ನದು. 'ಅವನು ಶ್ರೀಮಂತನಂತೆ' ಎಂದರೆ ಹೊಣೆ ಹೇಳಿದವರದು. ಇಟಲಿಯವರು ಇದಕ್ಕೂ ಕೊಂಜುಂತೀವೊ ಬಳಸುತ್ತಾರೆ: 'ಸಿ ದೀಚೆ ಕೆ ಸೀಯ ರಿಕ್ಕೊ', ಅಂದರೆ 'ಶ್ರೀಮಂತನಂತೆ'. ನಾವು ಎರಡಕ್ಷರದ 'ಅಂತೆ'ಯಲ್ಲಿ ಮುಗಿಸುವ ಕೆಲಸಕ್ಕೆ ಅವರಿಗೆ 'ಸಿ ದೀಚೆ ಕೆ' ಎಂಬ ಪೀಠಿಕೆಯೇ ಬೇಕಾಗುತ್ತದೆ.

ವ್ಯತ್ಯಾಸವಿರುವುದು ಕಡ್ಡಾಯದಲ್ಲಿ. ನಮ್ಮಲ್ಲಿ 'ಎಂದು ನಂಬಿದ್ದೇನೆ' ಎನ್ನುವಾಗ ಒಳಗಿನ ಕ್ರಿಯಾಪದ ಬದಲಾಗಲೇಬೇಕೆಂಬ ನಿಯಮವಿಲ್ಲ. ಕೆಲವೊಮ್ಮೆ ನಮ್ಮ ಪದಗಳೇ ಗಡಿ ಅಳಿಸಿಬಿಡುತ್ತವೆ. 'ತಿಳಿ' ಎಂಬ ಧಾತುವನ್ನೇ ನೋಡಿ. 'ಅವನು ಒಳ್ಳೆಯವನೆಂದು ನನಗೆ ತಿಳಿದಿದೆ' ಎಂದರೆ ಅದು ಅರಿವು. 'ಅವನನ್ನು ಒಳ್ಳೆಯವನೆಂದು ತಿಳಿದಿದ್ದೆ' ಎಂದರೆ ಅದು ಊಹೆ, ಅದೂ ಸುಳ್ಳಾದ ಊಹೆ! ಒಂದೇ ಧಾತು ಎರಡೂ ಕೆಲಸ ಮಾಡುತ್ತದೆ. ಇಟಾಲಿಯನ್ ಕಲಿಯುವ ಕನ್ನಡದ ಮಕ್ಕಳು ಎಡವುವುದು ಇಲ್ಲಿಯೇ. ವಾಕ್ಯ ಕಟ್ಟುವ ಮೊದಲು 'ನಾನು ಬಲ್ಲೆನೋ, ಭಾವಿಸಿದ್ದೇನೋ' ಎಂದು ಕೇಳಿಕೊಳ್ಳುವ ಅಭ್ಯಾಸ ಅವರಿಗೆ ಆಗಬೇಕು.

'ತಾನು' ಮಾಡುವ ಕೆಲಸ

ನಂಬುವವನೂ ನಂಬಿಕೆಯ ವಿಷಯವೂ ಒಬ್ಬನೇ ಆಗಿದ್ದರೆ? ಆಗ 'ಕೆ' ಬಿಟ್ಟು 'ದಿ' ಎಂಬ ಕೊಂಡಿ ಹಾಕಿ, ಕ್ರಿಯಾಪದವನ್ನು ಮೂಲರೂಪದಲ್ಲೇ ಇಡಬೇಕು. 'ಪೆನ್ಸೊ ದಿ ಪಾರ್ತೀರೆ ದೊಮಾನಿ' ಎಂದರೆ 'ನಾಳೆ ಹೊರಡೋಣವೆಂದಿದ್ದೇನೆ'. ಯೋಚಿಸುವವನು ನಾನೇ, ಹೊರಡುವವನೂ ನಾನೇ.

ಕಾರ್ಲೊ ಎಂಬ ಹುಡುಗನಿದ್ದಾನೆ ಎನ್ನಿ. 'ಕಾರ್ಲೊ ಕ್ರೇದೆ ದಿ ಅವೇರೆ ರಜೋನೆ' ಎಂದರೆ 'ತಾನು ಹೇಳಿದ್ದೇ ಸರಿ ಎಂದು ಕಾರ್ಲೊ ನಂಬಿದ್ದಾನೆ'. 'ಕಾರ್ಲೊ ಕ್ರೇದೆ ಕೆ ಮರೀಯ ಅಬ್ಬಿಯ ರಜೋನೆ' ಎಂದರೆ 'ಮರೀಯ ಹೇಳಿದ್ದು ಸರಿ ಎಂದು ಕಾರ್ಲೊ ನಂಬಿದ್ದಾನೆ'. ಕನ್ನಡದಲ್ಲಿ 'ತಾನು' ಮತ್ತು 'ಅವನು' ಹಂಚಿಕೊಂಡಿರುವ ಕೆಲಸವನ್ನು ಅಲ್ಲಿ 'ದಿ' ಮತ್ತು 'ಕೆ' ಹಂಚಿಕೊಂಡಿವೆ. 'ರಾಮ ತಾನು ತಪ್ಪು ಮಾಡಿಲ್ಲವೆಂದ', 'ರಾಮ ಅವನು ತಪ್ಪು ಮಾಡಿಲ್ಲವೆಂದ' ಇವೆರಡರ ವ್ಯತ್ಯಾಸ ತಿಳಿದ ಹುಡುಗನಿಗೆ ಈ ನಿಯಮ ಹೇಳಿಕೊಡಲು ಎರಡು ನಿಮಿಷ ಸಾಕು. ಚುಟುಕಾಗಿ 'ಹೌದು ಅನಿಸುತ್ತೆ' ಎನ್ನಲು 'ಕ್ರೇದೊ ದಿ ಸಿ', 'ಇಲ್ಲ ಅನಿಸುತ್ತೆ' ಎನ್ನಲು 'ಕ್ರೇದೊ ದಿ ನೊ'. ಇವೆರಡನ್ನು ಇವತ್ತೇ ಕಲಿತುಬಿಡಿ.

ನಂಬಿಕೆಗೂ ಕಾಲವುಂಟು

ಕೊಂಜುಂತೀವೊ ರೂಪಕ್ಕೆ ನಾಲ್ಕು ಕಾಲಗಳಿವೆ. ಮಳೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಕ್ರೇದೊ ಕೆ ಪಿಯೋವ: ಮಳೆ ಬರುತ್ತಿದೆ ಅನಿಸುತ್ತದೆ.
ಕ್ರೇದೊ ಕೆ ಅಬ್ಬಿಯ ಪಿಯೊವೂತೊ: ಮಳೆ ಬಂದಿತ್ತು ಅನಿಸುತ್ತದೆ.
ಕ್ರೆದೇವೊ ಕೆ ಪಿಯೊವೆಸ್ಸೆ: ಮಳೆ ಬರುತ್ತಿದೆ ಅಂದುಕೊಂಡಿದ್ದೆ.
ಕ್ರೆದೇವೊ ಕೆ ಅವೆಸ್ಸೆ ಪಿಯೊವೂತೊ: ಮಳೆ ಬಂದಿತ್ತು ಅಂದುಕೊಂಡಿದ್ದೆ.

ಮೂರನೆಯ ಸಾಲನ್ನು ಇನ್ನೊಮ್ಮೆ ನೋಡಿ. ಕನ್ನಡದಲ್ಲಿ ಅಂದುಕೊಂಡದ್ದು ನಿನ್ನೆಯಾದರೂ ಒಳಗಿನ ಮಾತು 'ಬರುತ್ತಿದೆ' ಎಂದು ವರ್ತಮಾನದಲ್ಲೇ ಉಳಿಯುತ್ತದೆ. ಅಂದುಕೊಂಡ ಗಳಿಗೆಯ ಮಾತನ್ನು ನಾವು ಹಾಗೆಯೇ ಎತ್ತಿಡುತ್ತೇವೆ. ಇಟಾಲಿಯನ್ನಿನಲ್ಲಿ ಹೊರಗಿನ ಕ್ರಿಯಾಪದ ಭೂತಕಾಲಕ್ಕೆ ಸರಿದರೆ ಒಳಗಿನದೂ ಅದರ ಹಿಂದೆ ಸರಿಯಬೇಕು. ಒಂದು ವಿಷಯದಲ್ಲಿ ಮಾತ್ರ ಎರಡೂ ಭಾಷೆಗಳು ಸಮಾನ. 'ಕ್ರೆದೇವೊ' ಎಂದರೂ 'ಅಂದುಕೊಂಡಿದ್ದೆ' ಎಂದರೂ ಕೇಳುಗನಿಗೆ 'ಹಾಗಿರಲಿಲ್ಲವೇನೋ' ಎಂಬ ಸುಳಿವು ಸಿಕ್ಕಿಬಿಡುತ್ತದೆ. ನಾಳೆಯ ಮಾತಾದರೆ ಭವಿಷ್ಯತ್ಕಾಲದ ಸಾಮಾನ್ಯ ರೂಪವನ್ನೂ ಬಳಸಬಹುದು: 'ಕ್ರೇದೊ ಕೆ ಪಿಯೊವೆರಾ', ಮಳೆ ಬರುತ್ತದೆ ಅನಿಸುತ್ತದೆ.

ಒಂದು ಅಡ್ಡದಾರಿ, ಎರಡು ಎಚ್ಚರಿಕೆ

ಇಷ್ಟೆಲ್ಲ ಕಲಿಯುವವರೆಗೆ ಬಾಯಿ ಮುಚ್ಚಿಕೊಂಡಿರಬೇಕೇ ಎಂದರೆ, ಬೇಡ. 'ಸೆಕೊಂದೊ ಮೆ' ಎಂಬ ಎರಡು ಪದಗಳಿವೆ. 'ನನ್ನ ಪ್ರಕಾರ' ಎಂದು ಅರ್ಥ. ಇದರ ನಂತರ ಸಾಮಾನ್ಯ ರೂಪವೇ ಬರುತ್ತದೆ: 'ಸೆಕೊಂದೊ ಮೆ ಲ ತೆರ್ರ ಸಿ ಮುವೋವೆ'. ಇಲ್ಲಿ 'ಕೆ' ಇಲ್ಲ, ಉಪವಾಕ್ಯವಿಲ್ಲ, ಆದ್ದರಿಂದ ಸ್ವರವೂ ಬದಲಾಗದು. ಹೊಸದಾಗಿ ಹೋದವರು ಈ ಅಡ್ಡದಾರಿಯಲ್ಲಿ ಧೈರ್ಯವಾಗಿ ನಡೆಯಬಹುದು. ಯುರೋಪಿನ ಭಾಷಾ ಮಟ್ಟಗಳ ಲೆಕ್ಕದಲ್ಲಿ ಕೊಂಜುಂತೀವೊ ಸಾಮಾನ್ಯವಾಗಿ ಬಿ1 ಹಂತದಲ್ಲಿ ಬರುತ್ತದೆ. ಪೆರೂಜ ಮತ್ತು ಸಿಯೇನಗಳಲ್ಲಿ ವಿದೇಶಿಯರಿಗೆಂದೇ ಇರುವ ವಿಶ್ವವಿದ್ಯಾಲಯಗಳು ಈ ಮಟ್ಟಗಳಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತವೆ.

ಮೊದಲ ಎಚ್ಚರಿಕೆ: 'ಅಲ್ಲ' ಸೇರಿದರೆ ಗುಂಪು ಬದಲಾಗಬಹುದು. 'ದೀಕೊ ಕೆ ಎ ವೇರೊ' ಎಂದರೆ 'ನಿಜವೆಂದು ಹೇಳುತ್ತೇನೆ'. 'ನೊನ್ ದೀಕೊ ಕೆ ಸೀಯ ವೇರೊ' ಎಂದರೆ 'ನಿಜವೆಂದು ನಾನು ಹೇಳುತ್ತಿಲ್ಲ'. ಹೇಳುವವನು ಹೊಣೆಯಿಂದ ಕೈ ತೆಗೆದ, ಕ್ರಿಯಾಪದವೂ ರೂಪ ಬದಲಿಸಿತು.

ಎರಡನೆಯದು ಇನ್ನೂ ಮುಖ್ಯ. ಕೊಂಜುಂತೀವೊ ಎಂದರೆ ಸಂಶಯ ಎಂದಷ್ಟೇ ತಿಳಿದುಕೊಳ್ಳಬೇಡಿ. 'ಸೋನೊ ಕೊಂತೆಂತೊ ಕೆ ತು ಸೀಯ ಕ್ವಿ' ಎಂದರೆ 'ನೀನು ಇಲ್ಲಿರುವುದು ನನಗೆ ಸಂತೋಷ'. ಅವನು ಎದುರಿಗೇ ಕೂತಿದ್ದಾನೆ, ಸಂಶಯ ಎಲ್ಲಿಂದ ಬಂತು? ಹಾಗೆಯೇ ಪರಮ ಆಸ್ತಿಕನೊಬ್ಬ 'ದೇವರಿದ್ದಾನೆಂದು ನಂಬುತ್ತೇನೆ' ಎನ್ನುವಾಗಲೂ ಕೊಂಜುಂತೀವೊ ಬಳಸುತ್ತಾನೆ. ಅವನ ನಂಬಿಕೆ ಬಂಡೆಯಷ್ಟು ಗಟ್ಟಿ. ಆದರೂ ವ್ಯಾಕರಣ ಅದನ್ನು ನಂಬಿಕೆಯ ಖಾತೆಯಲ್ಲೇ ಬರೆಯುತ್ತದೆ. ವಾಕ್ಯದಲ್ಲಿ ಮುಂದೆ ನಿಂತಿರುವುದು ಸಂಗತಿಯೋ ಅಥವಾ ಸಂಗತಿಯ ಬಗ್ಗೆ ಒಬ್ಬನ ಮನಸ್ಸೋ ಎಂಬುದೇ ಇಲ್ಲಿನ ಪ್ರಶ್ನೆ.

ಗೆಲಿಲಿಯೊನ ಸ್ವರ

ಈಗ ಎರಡನೆಯ ಕಾರಣಕ್ಕೆ ಬರೋಣ. 1543ರಲ್ಲಿ ಕೋಪರ್ನಿಕಸ್ ತನ್ನ ಗ್ರಂಥದಲ್ಲಿ ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಲ್ಯಾಟಿನ್ನಿನಲ್ಲಿ ಬರೆದ. 1616ರಲ್ಲಿ ರೋಮಿನ ಚರ್ಚು, ತಿದ್ದುಪಡಿಯಾಗುವವರೆಗೆ ಆ ಗ್ರಂಥವನ್ನು ತಡೆಹಿಡಿಯಿತು. 1620ರಲ್ಲಿ ತಿದ್ದುಪಡಿಗಳು ಹೊರಬಂದವು. ಅವು ಏನು ಗೊತ್ತೇ? ಭೂಮಿಯ ಚಲನೆಯನ್ನು ಸತ್ಯಸಂಗತಿಯೆಂಬಂತೆ ಹೇಳಿದ್ದ ಕಡೆಗಳಲ್ಲಿ, ಅದು ಬರಿಯ ಕಲ್ಪನೆ ಎಂದು ಓದಿಕೊಳ್ಳುವಂತೆ ಮಾತು ಬದಲಿಸುವುದು! 'ಭೂಮಿ ಚಲಿಸುತ್ತದೆಂದು ಇಟ್ಟುಕೊಳ್ಳೋಣ' ಎಂದು ಲೆಕ್ಕ ಹಾಕಲು ಅಡ್ಡಿಯಿರಲಿಲ್ಲ. 'ಚಲಿಸುತ್ತದೆ' ಎಂದು ಸಾರುವುದಕ್ಕೆ ಮಾತ್ರ ಅಡ್ಡಿ. ನಮ್ಮ ಪಾಠದ ಮಾತಿನಲ್ಲಿ ಹೇಳುವುದಾದರೆ, 'ಮುವೋವ' ನಡೆಯುತ್ತಿತ್ತು, 'ಮುವೋವೆ' ನಡೆಯುತ್ತಿರಲಿಲ್ಲ.

1632ರಲ್ಲಿ ಗೆಲಿಲಿಯೊ ಎರಡು ವಿಶ್ವವ್ಯವಸ್ಥೆಗಳ ಕುರಿತ ತನ್ನ ಸಂವಾದವನ್ನು ಫ್ಲಾರೆನ್ಸಿನಲ್ಲಿ ಪ್ರಕಟಿಸಿದ. ವಿದ್ವಾಂಸರ ಲ್ಯಾಟಿನ್ ಬಿಟ್ಟು ಜನರ ಇಟಾಲಿಯನ್ನಿನಲ್ಲಿ ಬರೆದ. ಸಾಲ್ವಿಯಾತಿ, ಸಾಗ್ರೆದೊ, ಸಿಂಪ್ಲಿಚೊ ಎಂಬ ಮೂವರು ನಾಲ್ಕು ದಿನ ವಾದ ಮಾಡುತ್ತಾರೆ. ಎರಡೂ ಪಕ್ಷಗಳನ್ನು ತೂಗುತ್ತಿದ್ದೇನೆ ಎಂಬ ಹೊದಿಕೆ ಪುಸ್ತಕಕ್ಕಿತ್ತು. ಆದರೆ ಲೇಖಕನ ಮನಸ್ಸು ಯಾವ ಕಡೆ ಎಂಬುದು ಓದಿದವರಿಗೆಲ್ಲ ತಿಳಿಯುತ್ತಿತ್ತು. 1633ರ ಜೂನ್ 22ರಂದು, ತನ್ನ 69ನೇ ವಯಸ್ಸಿನಲ್ಲಿ, ರೋಮಿನಲ್ಲಿ ಮಂಡಿಯೂರಿ ಅವನು ಆ ಮತವನ್ನು ತ್ಯಜಿಸಬೇಕಾಯಿತು. 1642ರ ಜನವರಿಯಲ್ಲಿ ಸಾಯುವವರೆಗೂ ಅವನು ಗೃಹಬಂಧನದಲ್ಲೇ ಇದ್ದ. ಈ ಪ್ರಕರಣದಲ್ಲಿ ತಪ್ಪಾಗಿತ್ತೆಂದು ಪೋಪ್ ಎರಡನೆಯ ಜಾನ್ ಪಾಲ್ ಬಹಿರಂಗವಾಗಿ ಒಪ್ಪಿದ್ದು 1992ರಲ್ಲಿ.

ಮಂಡಿಯಿಂದ ಎದ್ದ ಗೆಲಿಲಿಯೊ 'ಎಪ್ಪೂರ್ ಸಿ ಮುವೋವೆ', 'ಆದರೂ ಅದು ಚಲಿಸುತ್ತದೆ' ಎಂದು ಗೊಣಗಿದನಂತೆ. ಆ ಮಾತು ವಿಚಾರಣೆಯ ದಾಖಲೆಗಳಲ್ಲಿಲ್ಲ. 1757ರಲ್ಲಿ ಜುಸೆಪ್ಪೆ ಬಾರೆತ್ತಿ ಎಂಬಾತ ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದು ಅಚ್ಚಾಯಿತು. ಹೀಗಾಗಿ ಇಟಲಿಯ ವ್ಯಾಕರಣ ಬಲ್ಲವರು ಈ ಕಥೆಯನ್ನು ಹೇಳುವಾಗ 'ಹೇಳಿದನಂತೆ' ಎಂಬ ಅರ್ಥಕ್ಕೆ ಕೊಂಜುಂತೀವೊ ಬಳಸುತ್ತಾರೆ. ಆದರೆ ಅವನ ಬಾಯಲ್ಲಿಟ್ಟ ಮಾತಿನ ಕೊನೆಯ ಸ್ವರ ಮಾತ್ರ 'ಎ'. ಕಥೆ ಅಂತೆಕಂತೆ, ಕಥೆಯೊಳಗಿನ ಭೂಮಿಯ ಚಲನೆ ನಿಶ್ಚಿತ!

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. 'ಮುವೋವೆ' ಎನ್ನಲು ಗೆಲಿಲಿಯೊನ ಬಳಿ ಬಲವಾದ ಕಾರಣಗಳಿದ್ದವು. ಆದರೆ ಸಂವಾದದ ನಾಲ್ಕನೆಯ ದಿನ ಅವನು ಮುಖ್ಯ ಸಾಕ್ಷ್ಯವಾಗಿ ಮುಂದಿಟ್ಟ ಸಮುದ್ರದ ಉಬ್ಬರವಿಳಿತದ ವಾದ ಸರಿಯಾಗಿರಲಿಲ್ಲ. ಉಬ್ಬರವಿಳಿತಕ್ಕೆ ಕಾರಣ ಚಂದ್ರ ಮತ್ತು ಸೂರ್ಯರ ಗುರುತ್ವ. ಭೂಮಿ ಸೂರ್ಯನನ್ನು ಸುತ್ತುವುದಕ್ಕೆ ನೇರ ಸಾಕ್ಷ್ಯ ಸಿಕ್ಕಿದ್ದು ಅವನು ಸತ್ತು ಎಷ್ಟೋ ವರ್ಷಗಳ ಮೇಲೆ. ಜೇಮ್ಸ್ ಬ್ರ್ಯಾಡ್ಲಿ ನಕ್ಷತ್ರಗಳ ಬೆಳಕಿನ ಓರೆಯನ್ನು ವಿವರಿಸಿದ್ದು 1729ರಲ್ಲಿ. ಬೆಸೆಲ್ ನಕ್ಷತ್ರವೊಂದರ ಸ್ಥಾನಪಲ್ಲಟವನ್ನು ಅಳೆದದ್ದು 1838ರಲ್ಲಿ. ಭೂಮಿ ತನ್ನ ಸುತ್ತ ತಾನೇ ತಿರುಗುವುದನ್ನು ಫುಕೋ ಪ್ಯಾರಿಸ್ಸಿನಲ್ಲಿ ಲೋಲಕ ತೂಗುಬಿಟ್ಟು ಜನರ ಕಣ್ಣಿಗೇ ತೋರಿಸಿದ್ದು 1851ರಲ್ಲಿ. 'ಅ' ಹೋಗಿ 'ಎ' ಬರಲು ಎರಡು ಶತಮಾನಗಳ ದುಡಿಮೆ ಬೇಕಾಯಿತು. ಆ ದುಡಿಮೆಯ ಹೆಸರೇ ವಿಜ್ಞಾನ.

ಇವತ್ತಿನ ಇಟಲಿ

ಇಟಲಿಯ ಮಕ್ಕಳಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ ಎಂದುಕೊಳ್ಳಬೇಡಿ. ಮಾತಿನಲ್ಲಿ 'ಪೆನ್ಸೊ ಕೆ ಎ ವೇರೊ' ಎಂದು ಸಾಮಾನ್ಯ ರೂಪ ಹಾಕುವವರು ಅಲ್ಲಿ ಬೇಕಾದಷ್ಟಿದ್ದಾರೆ. ಕೊಂಜುಂತೀವೊ ಸಾಯುತ್ತಿದೆ ಎಂದು ಮೇಷ್ಟ್ರುಗಳು ಗೋಳಾಡುವುದೂ ಉಂಟು. ಮರ್ಯಾದೆಯಿಂದ 'ಬನ್ನಿ' (ವೆಂಗ), 'ಕ್ಷಮಿಸಿ' (ಸ್ಕೂಜಿ) ಎನ್ನಲೂ ಇದೇ ರೂಪ ಬೇಕು. 1975ರ 'ಫಾಂತೊಟ್ಸಿ' ಎಂಬ ಹಾಸ್ಯಚಿತ್ರದಲ್ಲಿ ಬಡ ಗುಮಾಸ್ತರು ದೊಡ್ಡವರಂತೆ ಮಾತಾಡಲು ಹೋಗಿ ಈ ರೂಪವನ್ನೇ ಕೆಡಿಸುತ್ತಾರೆ. ಇಟಲಿ ಇಂದಿಗೂ ಅದಕ್ಕೆ ನಗುತ್ತದೆ. 2018ರಲ್ಲಿ ಸಾನ್‌ರೆಮೊ ಸಂಗೀತ ಉತ್ಸವದ ಹೊಸಬರ ವಿಭಾಗದಲ್ಲಿ ಲೊರೆಂಟ್ಸೊ ಬಾಲ್ಯೋನಿ ಕೊಂಜುಂತೀವೊ ಮೇಲೆಯೇ ಒಂದು ಹಾಡು ಹಾಡಿದ. ಆತ ಗಣಿತ ಓದಿದವನು ಎಂಬುದು ನಮ್ಮಂಥವರಿಗೆ ಖುಷಿಯ ಸಂಗತಿ. ಗೆಲಿಲಿಯೊ ಕೂಡ ಫ್ಲಾರೆನ್ಸಿನ ಭಾಷಾ ಅಕಾಡೆಮಿಯಾದ ಕ್ರುಸ್ಕದ ಸದಸ್ಯನಾಗಿದ್ದ. ವಿಜ್ಞಾನದವರಿಗೆ ಭಾಷೆ ಬೇಡ ಎನ್ನುವ ತಂದೆತಾಯಿಯರು ಇದನ್ನು ಗಮನಿಸಬೇಕು.

ಪ್ರಯೋಗಾಲಯದಲ್ಲಿ ಲೋಲಕದ ಪ್ರಯೋಗ ನಡೆಯುವುದನ್ನು ನೀವು ಬಲ್ಲಿರಿ. ಗುರುತ್ವ ವೇಗೋತ್ಕರ್ಷ 980ರ ಆಸುಪಾಸು ಬರಬೇಕೆಂದು ಪುಸ್ತಕ ಮೊದಲೇ ಹೇಳಿಬಿಟ್ಟಿರುತ್ತದೆ. ಬುದ್ಧಿವಂತ ಹುಡುಗರು 980 ಮೊದಲು ಬರೆದು, ಅದಕ್ಕೆ ಹೊಂದುವಂತೆ ಆಂದೋಲನದ ಕಾಲವನ್ನು ಹಿಮ್ಮುಖವಾಗಿ ತುಂಬುತ್ತಾರೆ. ಪಕ್ಕದ ಹುಡುಗಿ ಇಪ್ಪತ್ತು ಆಂದೋಲನ ಎಣಿಸಿ 956 ಬರೆಯುತ್ತಾಳೆ, ಅಂಕ ಹೋಗುತ್ತದೇನೋ ಎಂದು ಅಳುಕುತ್ತಾಳೆ. ಆ ಹುಡುಗರು ಬರೆದದ್ದು ಪುಸ್ತಕದ ಮೇಲಿನ ನಂಬಿಕೆ, ಹುಡುಗಿ ಬರೆದದ್ದು ತಾನು ಕಂಡದ್ದು. 'ವೇದೊ ಕೆ' ಎಂದು ವಾಕ್ಯ ಆರಂಭಿಸುವ ಹಕ್ಕು ಅವಳಿಗಿದೆ, ಅವರಿಗಿಲ್ಲ. ತಂದೆತಾಯಿಯರೇ, ಮನೆಯಲ್ಲಿ ಅಂಕಪಟ್ಟಿ ನೋಡುವ ದಿನ ಆ ಪ್ರಯೋಗದ ಪುಸ್ತಕವನ್ನೂ ಒಮ್ಮೆ ತೆರೆದು, 'ಇದರಲ್ಲಿ ನೀನು ಕಂಡದ್ದು ಯಾವುದು, ಕೇಳಿ ಬರೆದದ್ದು ಯಾವುದು?' ಎಂದು ಗದರದೆ ಕೇಳಿ. 956 ಬರೆದವಳನ್ನು ಬೈಯಬೇಡಿ.

ಮನೆಗೆಲಸ

ಸರಿಯಾದ ರೂಪ ಆರಿಸಿ.
1. ಸೊ ಕೆ (ಪಿಯೋವೆ / ಪಿಯೋವ).
2. ದೂಬಿತೊ ಕೆ ಕಾರ್ಲೊ (ಪಾರ್ತೆ / ಪಾರ್ತ).
3. ಸೆಕೊಂದೊ ಮೆ ಮರೀಯ (ಆ / ಅಬ್ಬಿಯ) ರಜೋನೆ.
4. ಸಿ ದೀಚೆ ಕೆ ಲುಯೀಜಿ (ಎ / ಸೀಯ) ರಿಕ್ಕೊ.
5. 'ನಾನು ಹೇಳಿದ್ದು ಸರಿ ಎಂದು ನನಗನಿಸುತ್ತದೆ' ಎಂಬುದನ್ನು ಇಟಾಲಿಯನ್ನಿನಲ್ಲಿ ಹೇಳಿ.

ಉತ್ತರಗಳು: 1. ಪಿಯೋವೆ. 2. ಪಾರ್ತ. 3. ಆ. 4. ಸೀಯ. 5. ಕ್ರೇದೊ ದಿ ಅವೇರೆ ರಜೋನೆ. ಐದನೆಯದರಲ್ಲಿ 'ಕೆ' ಹಾಕಿದವರು 'ತಾನು' ಮಾಡುವ ಕೆಲಸವನ್ನು ಇನ್ನೊಮ್ಮೆ ಓದಿಕೊಳ್ಳಿ.